ಹಂಚಿನ ಮೇಲೆ ಬಣ್ಣ ಸುರಿಯುವ ಮೊದಲು ಒಂದು ಹನಿ ನೀರು

ಸುರತ್ಕಲ್‌ನ ಅಕ್ಕ ಕೇಳಿದ್ದು: ಹಳೆ ಮನೆಯ ಹಂಚು, ಅಡಿಕೆ ಹಾಳೆ ತಟ್ಟೆ ಎರಡರ ಮೇಲೂ ಆಕ್ರಿಲಿಕ್ (ನೀರಲ್ಲಿ ಕಲಸುವ ಪ್ಲಾಸ್ಟಿಕ್ ಬಣ್ಣ) ಸುರಿದು ಚಿತ್ರ ಮಾಡಿದೆ, ಹಂಚಿನದ್ದು ಬಿರುಕು ಬಿಟ್ಟಿತು, ತಟ್ಟೆ ಸೊಟ್ಟಗಾಯಿತು, ಬೇರೆ ಬಣ್ಣ ತರಬೇಕಾ ಅಂತ.

ಬೇಡ ಅಕ್ಕ, ಬಣ್ಣ ಸರಿಯಾಗಿಯೇ ಇದೆ. ಖಾಲಿ ಹಂಚಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ನೋಡನೋಡುತ್ತಲೇ ಕುಡಿದುಬಿಡುತ್ತದೆ, ಕಪ್ಪು ಕಲೆ ಮಾತ್ರ ಉಳಿಯುತ್ತದೆ. ನಿಮ್ಮ ಬಣ್ಣದಲ್ಲಿದ್ದ ನೀರನ್ನೂ ಹಾಗೆಯೇ ಕುಡಿದಿದೆ, ಹಾಗಾಗಿ ಬಣ್ಣ ಹರಿಯುವ ಮೊದಲೇ ಬಿಗಿದುಕೊಂಡು ಒಡೆದಿದೆ.

ನನ್ನ ಮೊದಲ ಹಂಚಿನಲ್ಲಿ ಇನ್ನೊಂದು ಪಾಠ ಆಯಿತು. ನಾಲ್ಕನೇ ದಿನ ಅಂಚು ಎದ್ದಿತ್ತು, ಉಗುರು ಹಾಕಿದರೆ ಇಡೀ ಬಣ್ಣ ಬಾಳೆಎಲೆಯ ಹಾಗೆ ಕಿತ್ತು ಬಂತು, ಅಡಿಯಲ್ಲಿ ತೆಳ್ಳಗೆ ಬಿಳಿ ಪುಡಿ. ಅದು ಹಂಚಿನೊಳಗಿನ ಉಪ್ಪು, ತೇವ ಆರುವಾಗ ಹೊರಗೆ ಬರುತ್ತದೆ. ಅದಕ್ಕೇ ಈಗ ತೆಂಗಿನ ನಾರಿನಲ್ಲಿ ಪಾಚಿ ಉಜ್ಜಿ ತೆಗೆದು, ಎರಡು ದಿನ ನೀರಲ್ಲಿ ನೆನೆಸಿ, ನೀರು ಬದಲಾಯಿಸಿ, ಆಮೇಲೆ ಒಂದು ವಾರ ಒಳ್ಳೆ ಬಿಸಿಲು ತೋರಿಸುತ್ತೇನೆ. ನಂತರ ಆಕ್ರಿಲಿಕ್ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳಪದರ, ಎರಡು ಕೈ, ಹಿಂಬದಿಗೂ ಒಂದು ಕೈ. ಮತ್ತೆ ಹನಿ ನೀರು ಬಿಡಿ. ಅದು ಹಾಗೇ ನಿಂತರೆ ಮಾತ್ರ ಬಣ್ಣ ಕಲಸಿ. ಹಂಚಿನಲ್ಲಿ ಬಾಸೆಲ್ ಮಿಷನ್ (ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಕ್ರೈಸ್ತ ಮಿಷನ್), 1865 ಅಂತ ಅಚ್ಚು ಇದ್ದರೆ ದಯವಿಟ್ಟು ಆ ಬದಿಯನ್ನು ಮುಚ್ಚಬೇಡಿ. ಅದು ಕಾರ್ಖಾನೆ ಶುರುವಾದ ವರ್ಷ, ಹಂಚಿನದ್ದಲ್ಲ, ಆದರೂ ಅಂಥದ್ದು ಇನ್ನು ಸಿಗುವುದಿಲ್ಲ ಅಲ್ವಾ.

ಬಣ್ಣದ ಹದ ಉದ್ದಿನ ದೋಸೆ ಹಿಟ್ಟಿಗಿಂತ ತೆಳು, ನೀರುದೋಸೆ ಹಿಟ್ಟಿಗಿಂತ ದಪ್ಪ. ಕಡ್ಡಿಯಿಂದ ಇಳಿದ ಧಾರೆ ಒಂದು ಕ್ಷಣ ಗುಡ್ಡೆಯಾಗಿ ನಿಂತು ಕರಗಬೇಕು. ಸುಮ್ನೆ ನೀರು ಹಾಕಿ ತೆಳು ಮಾಡಬೇಡಿ, ಪೋರಿಂಗ್ ಮೀಡಿಯಂ (ಬಣ್ಣ ಒಡೆಯದೆ ಹರಿಯುವಂತೆ ಮಾಡುವ ದ್ರವ) ಹಾಕಿ. ಮರಕ್ಕೆ ಹಾಕುವ ಬಿಳಿ ಗೋಂದೂ ನಡೆಯುತ್ತದೆ, ಆದರೆ ಅಂಥ ಹಂಚನ್ನು ಮಳೆ ತಾಗುವಲ್ಲಿ ಇಡಬೇಡಿ, ಮೆತ್ತಗಾಗುತ್ತದೆ. 10 ಇಂಚು ಚೌಕಕ್ಕೆ ಎಲ್ಲ ಸೇರಿ 120 ಮಿಲಿ ಸಾಕು. ಟೈಟಾನಿಯಂ ಬಿಳಿ ಭಾರ, ಕೆಳಗೆ ಇಳಿಯುತ್ತದೆ, ಹಗುರ ಬಣ್ಣ ಅದನ್ನು ಸೀಳಿ ಮೇಲೆ ಬಂದಾಗ ಕಣ್ಣು ಕಣ್ಣಾಗಿ ಕಾಣುತ್ತದೆ. ಇಂಥ ಕಣ್ಣು ಇನ್ನೂ ಬೇಕಿದ್ದರೆ ಸಿಲಿಕೋನ್ ಎಣ್ಣೆ ಒಂದೆರಡು ಹನಿ, ಜಾಸ್ತಿ ಬೇಡ. ಒಣಗಿದ ಮೇಲೆ ಆ ಎಣ್ಣೆಯನ್ನು ಸೋಪು ನೀರಲ್ಲಿ ಒರೆಸದಿದ್ದರೆ ವಾರ್ನಿಶ್ ಹಿಡಿಯುವುದಿಲ್ಲ.

ಹಾಳೆ ತಟ್ಟೆ ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಒಂದೇ ಬದಿ ಒದ್ದೆಯಾದರೆ ಮುರುಟಿಕೊಳ್ಳುತ್ತದೆ. ಒಳಗೆ ಹೊರಗೆ ಎರಡೂ ಕಡೆ ತೆಳ್ಳಗೆ ಪ್ರೈಮರ್ ಕೊಟ್ಟು, ಪೂರ್ತಿ ಒಣಗಿದ ಮೇಲೆ ಸುರಿಯಿರಿ. ಆಮೇಲೆ ಅದರಲ್ಲಿ ಊಟ ಮಾತ್ರ ಬೇಡ. ಗೆರಟೆಗೆ (ತೆಂಗಿನ ಚಿಪ್ಪಿಗೆ) ಸುರಿಯುವುದಾದರೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ನಾರು ತೆಗೆದರೆ ಸಾಕು, ಅದು ಅಷ್ಟು ತೊಂದರೆ ಕೊಡುವುದಿಲ್ಲ.

ಒಣಗಿಸುವುದರಲ್ಲಿ ಅವಸರ ಬೇಡ. ಉಡುಪಿಯ ನಮ್ಮ ಮನೆಯಲ್ಲಿ ಜನವರಿಯಲ್ಲಿ ಎರಡು ದಿನಕ್ಕೆ ಗಟ್ಟಿಯಾದದ್ದು ಜುಲೈಯಲ್ಲಿ ಐದು ದಿನವಾದರೂ ಕೈಗೆ ಅಂಟುತ್ತಿತ್ತು. ಹಾಗಂತ ನೇರ ಫ್ಯಾನಿನ ಕೆಳಗೆ ಇಡಬೇಡಿ, ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿದರೆ ಮತ್ತೆ ಅದೇ ಬಿರುಕು. ಹಂಚನ್ನು ರಸಮಟ್ಟ ಇಟ್ಟು ಸಮ ಮಾಡಿ, ಮೇಲೆ ತಗಲದ ಹಾಗೆ ರಟ್ಟಿನ ಪೆಟ್ಟಿಗೆ ಮುಚ್ಚಿ. ಉಳಿದ ಬಣ್ಣವನ್ನು ಸಿಂಕಿಗೆ ಚೆಲ್ಲಬೇಡಿ, ಅದು ಪ್ಲಾಸ್ಟಿಕ್. ಒಣಗಿದ ಮೇಲೆ ಸುಲಿದು ತೆಗೆಯಬಹುದು.

ಒಡೆದ ಹಂಚನ್ನು ಎಸೆಯಬೇಡಿ ಅಕ್ಕ. ಬಣ್ಣ ಎದ್ದ ಕಡೆಯ ಒಂದು ಫೋಟೋ ಹಾಕಿ, ಅಡಿಯಲ್ಲಿ ಬಿಳಿ ಪುಡಿ ಇದೆಯಾ ನೋಡೋಣ.