ಪೇಟೆಯ ಗದ್ದಲದಲ್ಲಿ ಓದಲು ಆಗುತ್ತದೆಯೇ? ಕಬ್ಬನ್‌ಪೇಟೆಯ ಕೋಣೆಯಿಂದ ಒಂದು ಉತ್ತರ

ನಿಮ್ಮ ತಮ್ಮನಿಗೆ ಬೆಂಗಳೂರಿನ ಕೆ.ಆರ್. ವೃತ್ತದ ಬಳಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಹಳೆಯ ಪೇಟೆಯೊಳಗೆ ಕೋಣೆ ಹಿಡಿಯುವುದೋ, ಊರಂಚಿನ ಬಡಾವಣೆಯಲ್ಲಿ ನೆಂಟರ ಮನೆಯಲ್ಲಿದ್ದು ಮೆಟ್ರೊದಲ್ಲಿ ಓಡಾಡುವುದೋ, ಪೇಟೆಯ ಗದ್ದಲದಲ್ಲಿ ಹುಡುಗ ಓದಿಯಾನೇ ಎಂದು ಕೇಳಿದ್ದೀರಿ.

ಓದುತ್ತಾನೆ. ಪೇಟೆಯಲ್ಲೇ ಕೋಣೆ ಹಿಡಿಯಿರಿ. ಹೀಗೆ ಹೇಳುವ ಧೈರ್ಯ ನನಗೆ ಏಕೆ ಬಂತು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ಶಿರಾ ತಾಲ್ಲೂಕಿನ ಹಳ್ಳಿಯವನು. ಕಬ್ಬನ್‌ಪೇಟೆಯ ಮಹಡಿ ಕೋಣೆಯೊಂದರಲ್ಲಿ ಇಬ್ಬರು ಗೆಳೆಯರ ಜೊತೆ ಇದ್ದು ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಮೂರು ವರ್ಷ ದಾಟಿತು. ಬಂದ ಮೊದಲ ತಿಂಗಳು ಗಂಟು ಮೂಟೆ ಕಟ್ಟಿಕೊಂಡು ಊರಿಗೆ ಹೊರಟುಬಿಡೋಣ ಎನ್ನಿಸಿತ್ತು. ಕಬ್ಬನ್‌ಪೇಟೆ ನೇಕಾರರ ನೆಲೆ. ನಮ್ಮ ಕೋಣೆಯ ಕೆಳಗೆ ಮಗ್ಗವಿದೆ. ಅದು ಓಡುವಾಗ ನೆಲಕ್ಕೆ ಇಟ್ಟ ಲೋಟದ ನೀರು ಅಲುಗುತ್ತದೆ. ಕಿವಿಗೆ ಹತ್ತಿ ತುರುಕಿಕೊಂಡು ಗಣಿತದ ಪುಸ್ತಕ ಹಿಡಿದು ಕೂತರೆ ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ.

ಮಗ್ಗದ ಯಜಮಾನರ ಬಳಿ ಹೋಗಿ ಅಳುಕುತ್ತಲೇ ವಿಷಯ ಹೇಳಿದೆ. ಅವರು ಬೇಸರಿಸಲಿಲ್ಲ. "ಎಂಟಕ್ಕೆ ಶುರು, ಮಧ್ಯಾಹ್ನ ಒಂದೂವರೆಯಿಂದ ಮೂರು ಊಟ, ರಾತ್ರಿ ಎಂಟಕ್ಕೆ ಬಂದ್. ಪರೀಕ್ಷೆ ಇದ್ದರೆ ಮೊದಲೇ ಹೇಳಪ್ಪಾ, ಒಂದು ಗಂಟೆ ಬೇಗ ನಿಲ್ಲಿಸುತ್ತೇನೆ" ಎಂದರು. ಅಂದಿನಿಂದ ನನ್ನ ದಿನಚರಿ ಬದಲಾಯಿತು. ಪೇಟೆಯ ಪ್ರತಿಯೊಂದು ಸದ್ದಿಗೂ ಹೊತ್ತು ಗೊತ್ತಿದೆ. ಆ ಹೊತ್ತುಗಳನ್ನು ಅರಿತವನಿಗೆ ಇಲ್ಲಿ ಸಿಗುವಷ್ಟು ನೆಮ್ಮದಿ ಬಡಾವಣೆಯಲ್ಲಿ ಸಿಗುವುದಿಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ನನ್ನ ಸಹಪಾಠಿಯೊಬ್ಬ ಹೊರವಲಯದಿಂದ ಬರುತ್ತಾನೆ. ಹೋಗಿ ಬರುವುದರಲ್ಲೇ ದಿನಕ್ಕೆ ಎರಡೂವರೆ ಗಂಟೆ ಕರಗುತ್ತದೆ, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಮಾರ್ಗ ಬದಲಿಸುವ ನೂಕುನುಗ್ಗಲು ಬೇರೆ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ ಅವನು ಎಷ್ಟೋ ದಿನ ಬಸ್ಸನ್ನೇ ಹಿಡಿಯುತ್ತಾನೆ. ನಾನು ಹದಿನೈದು ನಿಮಿಷ ನಡೆದರೆ ತರಗತಿಯಲ್ಲಿರುತ್ತೇನೆ.

ಪೇಟೆಯ ದಿನ ಶುರುವಾಗುವುದು ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯಲ್ಲಿ. ತಮ್ಮನನ್ನು ಒಮ್ಮೆ ನಾಲ್ಕೂವರೆಗೆ ಎಬ್ಬಿಸಿ ಅಲ್ಲಿಗೆ ಕಳುಹಿಸಿ. ಮೇಲ್ಸೇತುವೆಯ ಕೆಳಗೆ ಇನ್ನೂ ಕತ್ತಲಿರುವಾಗಲೇ ಸೇವಂತಿಗೆ, ಸುಗಂಧರಾಜ, ಕಾಕಡದ ಮೂಟೆಗಳು ಇಳಿಯುತ್ತಿರುತ್ತವೆ. ಬಿಡಿ ಹೂವು ತೂಕದ ಲೆಕ್ಕ, ಕಟ್ಟಿದ ಹೂವು ಮಾರಿನ ಲೆಕ್ಕ. ಹೂ ಕಟ್ಟುವ ಹೆಂಗಸರ ಬೆರಳುಗಳು ಕಣ್ಣಿನ ಸಹಾಯವಿಲ್ಲದೆ ಓಡುತ್ತವೆ. ಕಣ್ಣು ಗಿರಾಕಿಯ ಮೇಲಿರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರದ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಬ್ಬ ಕಳೆದು ಎರಡು ದಿನಕ್ಕೆ ಅದೇ ಹೂವಿನ ರಾಶಿಯನ್ನು ಕೇಳುವವರಿಲ್ಲ. ನಮ್ಮೂರ ಕಡೆಯಿಂದ ಸೇವಂತಿಗೆ ತರುವ ರೈತರೊಬ್ಬರು ಪರಿಚಯವಾಗಿದ್ದಾರೆ. ಅವರು ಮಾರಿ ಮುಗಿಸಿ ಚಹಾ ಕುಡಿಯುವ ಹೊತ್ತಿಗೆ ನನ್ನ ಒಂದು ಅಧ್ಯಾಯ ಮುಗಿದಿರುತ್ತದೆ. ಜಾವಕ್ಕೆ ಹೋಗಿ, ಹೂವು ನೋಡಿ, ಐದೂವರೆಗೆ ಕೋಣೆಗೆ ಮರಳಿ ಎಂಟರವರೆಗೆ ಓದುವುದು ನನ್ನ ಪದ್ಧತಿ. ಬೀದಿ ಆಗ ನಿಶ್ಶಬ್ದ.

ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಈ ಮಾರುಕಟ್ಟೆಯ ಆಸುಪಾಸಿನಿಂದಲೇ ಶುರು. ಆ ವಿದ್ಯುತ್ತು ಶಿವನಸಮುದ್ರದಿಂದ ಬಂದದ್ದು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆಂದು ಆರಂಭವಾದ ಆ ಯೋಜನೆಗೆ ಅಡಿಪಾಯ ಹಾಕಿದವರು ದಿವಾನ್ ಶೇಷಾದ್ರಿ ಅಯ್ಯರ್. ಎಲೆಕ್ಟ್ರಾನಿಕ್ಸ್ ಹುಡುಗನಾದ ನನಗೆ ಇದು ಬರಿಯ ಚರಿತ್ರೆಯಾಗಿ ಉಳಿದಿಲ್ಲ, ಏಕೆಂದರೆ ಮಧ್ಯಾಹ್ನ ನಾನು ಓದಲು ಹೋಗುವುದು ಅದೇ ದಿವಾನರ ಹೆಸರಿನ ಸ್ಮಾರಕ ಭವನಕ್ಕೆ, ಅಂದರೆ ಕಬ್ಬನ್ ಉದ್ಯಾನದೊಳಗಿನ ಕೆಂಪು ಬಣ್ಣದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ. ಮಗ್ಗ ಓಡುವ ಹೊತ್ತು ಅಲ್ಲಿ ಕಳೆಯುತ್ತೇನೆ. ಎತ್ತರದ ಚಾವಣಿ, ಹೊರಗೆ ಮರಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹಿರಿಯರ ಗಂಭೀರ ಮುಖಗಳು. ಅವರ ನಡುವೆ ಕೂತರೆ ಮೊಬೈಲ್ ತೆಗೆಯಲು ನಾಚಿಕೆಯಾಗುತ್ತದೆ.

ಪುಸ್ತಕಕ್ಕೆ ಅವೆನ್ಯೂ ರಸ್ತೆ. ಹಿಂದಿನ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟುವಾಗ ನಾಲ್ಕು ದಿಕ್ಕಿಗೂ ಎತ್ತು ಹೂಡಿ ನೇಗಿಲಗೆರೆ ಎಳೆಸಿದರೆಂದೂ, ಗೆರೆಗಳು ಹೊರಟದ್ದು ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಜಾಗದಿಂದಲೆಂದೂ ಜನ ಹೇಳುತ್ತಾರೆ. ಅದೇ ರಸ್ತೆಯಲ್ಲಿ ನಾಲ್ಕು ವರ್ಷದ ಎಂಜಿನಿಯರಿಂಗ್ ಪುಸ್ತಕಗಳೂ ಸೆಕೆಂಡ್‌ಹ್ಯಾಂಡ್ ಬೆಲೆಗೆ ಸಿಗುತ್ತವೆ. ಭಾನುವಾರ ಅಂಗಡಿಗಳ ಬಾಗಿಲು ಮುಚ್ಚಿದಾಗ ಪಾದಚಾರಿ ಹಾದಿಯ ಮೇಲೆ ಹಳೆಯ ಪುಸ್ತಕಗಳ ರಾಶಿ ಬೀಳುತ್ತದೆ. ಒಂದು ಮಾತು ನೆನಪಿಟ್ಟುಕೊಳ್ಳಿ: ಮೊದಲು ಪಠ್ಯಕ್ರಮದ ವರ್ಷ ನೋಡಿಕೊಂಡು ಹೋಗಬೇಕು. ಹಳೆಯ ಪಠ್ಯಕ್ರಮದ ಪುಸ್ತಕ ಕೊಂಡು ನಾನು ಒಂದು ಸೆಮಿಸ್ಟರ್ ಪರದಾಡಿದ್ದೇನೆ. ಸರಕು ಕೊಳ್ಳಲು ಎಸ್.ಪಿ. ರಸ್ತೆ ಇದೆ. ರೆಸಿಸ್ಟರ್, ಸೆನ್ಸರ್, ಮೋಟಾರು, ಬೇಕಾದ ಬಿಡಿಭಾಗ ಒಂದೇ ಆದರೂ ಕೊಡುತ್ತಾರೆ. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ಸಂಜೆ ಒಂದು ಬಿಡಿಭಾಗ ಸುಟ್ಟುಹೋದಾಗ, ನಡೆದು ಹೋಗಿ ಕೊಂಡು ತಂದು ಅರ್ಧ ಗಂಟೆಯಲ್ಲಿ ಬೆಸುಗೆ ಹಾಕಿದ್ದೆ. ದೂರದ ಬಡಾವಣೆಯಲ್ಲಿದ್ದಿದ್ದರೆ ಆ ರಾತ್ರಿ ಏನು ಮಾಡುತ್ತಿದ್ದೆನೋ.

ಪೇಟೆಯಲ್ಲಿ ಹೊತ್ತು ಗೊತ್ತಿಲ್ಲದೆ ಬರುವ ಸದ್ದುಗಳೂ ಇವೆ. ಫ್ರೀಡಂ ಪಾರ್ಕ್ ನಮ್ಮ ಕೋಣೆಯಿಂದ ದೂರವಿಲ್ಲ. ಹಿಂದೆ ಅದು ಕೇಂದ್ರ ಕಾರಾಗೃಹ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದು ಇಲ್ಲೇ. ಈಗ ನಗರದ ಪ್ರತಿಭಟನೆಗಳು ಅಲ್ಲಿ ನಡೆಯುತ್ತವೆ. ದೊಡ್ಡ ಧರಣಿ ಇದ್ದ ದಿನ ಬಸ್ಸಿಗೆ ಕಾಯಬಾರದು, ನಡೆದುಬಿಡಬೇಕು. ಮೊದಮೊದಲು ನನಗೂ ಸಿಡಿಮಿಡಿಯಾಗುತ್ತಿತ್ತು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಹಗಲುರಾತ್ರಿ ಧರಣಿ ಕೂತಿದ್ದರು. ಆ ಗುಂಪಿನ ಅಂಚಿನಿಂದ ಯಾರೋ ನನ್ನ ಮನೆಹೆಸರು ಹಿಡಿದು ಕೂಗಿದರು. ನಮ್ಮೂರಿನವರು! ನನ್ನ ಅಕ್ಕನ ಹೆರಿಗೆಯ ರಾತ್ರಿ ಆಂಬುಲೆನ್ಸಿನಲ್ಲಿ ಕೈ ಹಿಡಿದು ಕೂತಿದ್ದವರು. ಮೊಬೈಲಿನಲ್ಲಿ ಚಾರ್ಜ್ ಇಲ್ಲದೆ ಮನೆಗೆ ಸುದ್ದಿ ಮುಟ್ಟಿಸಲಾಗದೆ ಒದ್ದಾಡುತ್ತಿದ್ದರು. ಅವರದೂ ಜೊತೆಗಿದ್ದ ನಾಲ್ವರದೂ ಮೊಬೈಲುಗಳನ್ನು ಕೋಣೆಗೆ ತಂದು ಚಾರ್ಜ್ ಮಾಡಿ, ಎರಡು ಕಂಬಳಿ ಹೊತ್ತು ಮರಳಿ ಹೋದೆ. ಅಂದಿನ ಪ್ರಯೋಗಾಲಯದ ತರಗತಿ ತಪ್ಪಿತು. ಅದಕ್ಕೆ ನನಗೆ ಬೇಸರವಿಲ್ಲ. ಅಲ್ಲಿಂದೀಚೆಗೆ ರಸ್ತೆ ಕಟ್ಟಿದಾಗಲೆಲ್ಲ ಮೊದಲು ಭಿತ್ತಿಪತ್ರ ಓದುತ್ತೇನೆ, ಯಾರು, ಯಾವ ಊರಿನವರು ಎಂದು.

ಮಳೆಯ ಬಗ್ಗೆ ತಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿ. ಮೆಜೆಸ್ಟಿಕ್‌ನ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬರುತ್ತದೆ. 2023ರ ಮೇ ತಿಂಗಳ ಒಂದು ಮಧ್ಯಾಹ್ನದ ಮಳೆಗೆ ಕೆ.ಆರ್. ವೃತ್ತದ ಕೆಳಸೇತುವೆ ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ನಾನು ದಿನವೂ ಓಡಾಡುವ ಜಾಗ ಅದು. ಮೋಡ ಕಟ್ಟಿದರೆ ಕಾಲೇಜಿನಲ್ಲೇ ನಿಲ್ಲಬೇಕು, ನೀರು ನಿಂತ ಕೆಳಸೇತುವೆಗೆ ಯಾರ ಗಾಡಿಯಲ್ಲೂ ಇಳಿಯಬಾರದು.

ಇನ್ನು ಕರಗ, ದ್ರೌಪದಮ್ಮನ ಉತ್ಸವ. ಚೈತ್ರದ ಹುಣ್ಣಿಮೆಯ ಆ ಒಂದು ರಾತ್ರಿ ಪೇಟೆಯಲ್ಲಿ ಓದಲು ಆಗುವುದಿಲ್ಲ, ಓದಬಾರದು ಕೂಡ. ಮೊದಲ ವರ್ಷ ಎರಡು ದಿನ ಬಿಟ್ಟು ಆಂತರಿಕ ಪರೀಕ್ಷೆ ಇತ್ತೆಂದು ಕಿಟಕಿ ಮುಚ್ಚಿ ಕೂತಿದ್ದೆ. ಮಗ್ಗದ ಯಜಮಾನರ ತಾಯಿ ಮೇಲೆ ಬಂದು, "ದ್ರೌಪದಮ್ಮ ಬಾಗಿಲಿಗೆ ಬರುವಾಗ ಬಾಗಿಲು ಹಾಕಿಕೊಳ್ಳುತ್ತಾರೇನೋ ಮಗನೇ" ಎಂದು ಎಳೆದುಕೊಂಡು ಹೋದರು. ಧರ್ಮರಾಯಸ್ವಾಮಿ ದೇವಸ್ಥಾನದಿಂದ ನಡುರಾತ್ರಿ ದಾಟಿದ ಮೇಲೆ ಕರಗ ಹೊರಡುತ್ತದೆ. ಬೀದಿ ತೊಳೆದು ರಂಗೋಲಿ ಇಟ್ಟಿದ್ದರು. ಕತ್ತಿ ಹಿಡಿದ ವೀರಕುಮಾರರ "ಗೋವಿಂದಾ, ಗೋವಿಂದಾ" ಮೊದಲು ಕೇಳಿತು, ಆಮೇಲೆ ಮಲ್ಲಿಗೆಯ ವಾಸನೆ, ಆಮೇಲೆ ಕರಗ. ಸೀರೆ ಉಟ್ಟು ಬಳೆ ತೊಟ್ಟ ಪೂಜಾರಿ, ತಲೆಯ ಮೇಲೆ ಮಲ್ಲಿಗೆಯ ಎತ್ತರದ ಗೋಪುರ; ಕೈ ಅದನ್ನು ಮುಟ್ಟುವುದಿಲ್ಲ. ಎರಡೂ ಬದಿಯ ಮಹಡಿಗಳಿಂದ ಹೂವು ಸುರಿಯಿತು. ನಾಲ್ಕೂವರೆಗೆ ನಾನು ಮೂಟೆಗಳಲ್ಲಿ ನೋಡಿದ ಹೂವು ಎಲ್ಲಿಗೆ ಹೋಗುತ್ತದೆ ಎಂಬುದು ಅಂದು ಗೊತ್ತಾಯಿತು. ತಿಗಳ ಸಮುದಾಯದವರು ನಡೆಸಿಕೊಂಡು ಬಂದ ಈ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಬೆಳಕಾದ ಮೇಲೆ ಗುಡಿಗೆ ಮರಳುತ್ತದೆ. ನಾನು ಗುಂಪಿನ ಜೊತೆ ದರ್ಗಾದವರೆಗೂ ಬರಿಗಾಲಲ್ಲಿ ನಡೆದೆ. ಮರುದಿನ ಮಧ್ಯಾಹ್ನದವರೆಗೆ ನಿದ್ದೆ ಮಾಡಿ, ಸಂಜೆಯಿಂದ ಓದಿ, ಪರೀಕ್ಷೆ ಬರೆದೆ. ಅಂಕಗಳು ಚೆನ್ನಾಗಿಯೇ ಬಂದವು.

ಕೋಣೆ ನೋಡಲು ಬರುವಾಗ ವಾರದ ನಡುವೆ ಬನ್ನಿ. ಭಾನುವಾರ ಪೇಟೆ ಮಲಗಿರುತ್ತದೆ, ಏನೂ ತಿಳಿಯುವುದಿಲ್ಲ. ಹನ್ನೊಂದಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಅದೇ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳಿ. ಕಾವೇರಿ ನೀರು ಯಾವ ದಿನ, ಎಷ್ಟು ಹೊತ್ತು ಬರುತ್ತದೆ ಎಂದು ಮಾಲೀಕರನ್ನು ಕೇಳುವ ಬದಲು ಪಕ್ಕದ ಮನೆಯವರನ್ನು ಕೇಳಿ. ಕೆಳಗಡೆ ಏನು ಕೆಲಸ ನಡೆಯುತ್ತದೆ, ಎಷ್ಟು ಗಂಟೆಗೆ ನಿಲ್ಲುತ್ತದೆ ಎಂದೂ ವಿಚಾರಿಸಿ. ನಮ್ಮ ಕೋಣೆಯಲ್ಲಿರುವ ಒಬ್ಬ ಮುಂದಿನ ಜೂನ್‌ಗೆ ಓದು ಮುಗಿಸಿ ಹೊರಡುತ್ತಾನೆ. ಮಗ್ಗದ ಸದ್ದಿಗೆ ತಮ್ಮ ಒಪ್ಪಿದರೆ, ಆ ಜಾಗ ಖಾಲಿಯಾಗುತ್ತದೆ.