ನೀಲಿ ಜಾಸ್ಪರ್ ಫಲಕದ ಕಾಲವನ್ನು ಗುರುತಿಸುವ ಬಗೆ

ನಮಸ್ಕಾರ. ತಿಳಿನೀಲಿ ನೆಲದ ಮೇಲೆ ಬಿಳಿಯ ನರ್ತಕಿಯರ ಸಾಲಿರುವ, ಇಂಗ್ಲೆಂಡಿನ ವೆಡ್ಜ್‌ವುಡ್ ಪಿಂಗಾಣಿ ಕಾರ್ಖಾನೆಯ ನಿಮ್ಮ ಜಾಸ್ಪರ್ (ಹೊಳಪಿನ ಲೇಪವಿಲ್ಲದ ನುಣುಪು ಮಣ್ಣಿನ) ಫಲಕವು 18ನೇ ಶತಮಾನದ್ದೇ, ಅದನ್ನು ತೊಳೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಚಿತ್ರವೊಂದನ್ನೇ ನೋಡಿ ಕಾಲವನ್ನು ನಿರ್ಧರಿಸಬೇಡಿ. ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ 1778ರ ಸುಮಾರಿಗೆ ರೂಪಿಸಿದ ‘ಡ್ಯಾನ್ಸಿಂಗ್ ಅವರ್ಸ್’ ಎಂಬ ಈ ವಿನ್ಯಾಸವನ್ನು ಆ ಕಾರ್ಖಾನೆಯು 20ನೇ ಶತಮಾನದಲ್ಲೂ ತಯಾರಿಸುತ್ತಿತ್ತು.

ಮೊದಲು ಉಬ್ಬುಚಿತ್ರದ ಅಂಚನ್ನು ಭೂತಗನ್ನಡಿಯಿಂದ ನೋಡಿ. ಕಾರ್ಖಾನೆಯ ಸ್ಥಾಪಕ ಜೊಸಾಯ ವೆಡ್ಜ್‌ವುಡ್ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್‌ನಲ್ಲಿ ಸಾವಿರಾರು ಪ್ರಯೋಗಗಳ ಬಳಿಕ, 1770ರ ದಶಕದ ನಡುವಿನಲ್ಲಿ ಹದಕ್ಕೆ ತಂದ ಜಾಸ್ಪರ್ ಮಣ್ಣಿನಲ್ಲಿ ಬೇರಿಯಂ ಸಲ್ಫೇಟ್ ಹೆಚ್ಚಿನ ಪಾಲಿನಲ್ಲಿರುತ್ತದೆ. ಹೊಳಪಿನ ಲೇಪವಿಲ್ಲದೆಯೂ ಅದು ಸುಟ್ಟಾಗ ಗಟ್ಟಿಯಾಗಿ, ನುಣುಪಾಗಿ ಬರುತ್ತದೆ. ಬಿಳಿಯ ಆಕೃತಿಗಳನ್ನು ಬೇರೆ ಅಚ್ಚಿನಲ್ಲಿ ಒತ್ತಿ ತೆಗೆದು, ನೀರು ಸವರಿ ನೆಲದ ಮೇಲೆ ಕೂಡಿಸಿ, ಕುಶಲಕರ್ಮಿಯು ಸಣ್ಣ ಉಪಕರಣದಿಂದ ಅಂಚುಗಳನ್ನು ತಿದ್ದಿದ ಮೇಲೆ ಎರಡನ್ನೂ ಒಟ್ಟಿಗೆ ಆವಿಗೆಯಲ್ಲಿ ಸುಡುತ್ತಿದ್ದರು. ಆದ್ದರಿಂದ ಉತ್ತಮ ಹಳೆಯ ಫಲಕದಲ್ಲಿ ಬೆರಳುಗಳೂ ಸೆರಗಿನ ಮಡಿಕೆಗಳೂ ಚುರುಕಾಗಿ ಬಿಡಿಸಿಕೊಂಡಿರುತ್ತವೆ, ಬಟ್ಟೆ ತೆಳುವಾದೆಡೆ ಕೆಳಗಿನ ನೀಲಿಯು ನಸುವಾಗಿ ಕಾಣುತ್ತದೆ. ಈ ನಸುನೀಲಿಯ ಸೊಗಸನ್ನು ಒಮ್ಮೆ ಕಣ್ಣಾರೆ ಕಂಡವರು ಮರೆಯಲಾರರು. ನೆಲವೂ ಆಕೃತಿಯೂ ಒಂದೇ ಅಚ್ಚಿನಲ್ಲಿ ಮೂಡಿ, ಬಣ್ಣವು ಆಕೃತಿಯ ಅಂಚಿನ ಮೇಲೆ ಹರಡಿಕೊಂಡಿದ್ದರೆ, ಅದು ಬಹುಪಾಲು ನಂತರದ ಅನುಕರಣೆ.

ಆಮೇಲೆ ಹಿಂಬದಿಯ ಮುದ್ರೆ. ವೆಡ್ಜ್‌ವುಡ್ ಅವರ ಪಾಲುದಾರ ಥಾಮಸ್ ಬೆಂಟ್ಲಿ 1780ರಲ್ಲಿ ತೀರಿಕೊಂಡರು. ‘ವೆಡ್ಜ್‌ವುಡ್ ಅಂಡ್ ಬೆಂಟ್ಲಿ’ ಎಂಬ ನಿಜವಾದ ಒತ್ತುಮುದ್ರೆಯಿದ್ದರೆ ಫಲಕವು ಅವರ ಪಾಲುದಾರಿಕೆಯ ಕಾಲದ್ದು, ಬಹಳ ಅಪರೂಪದ್ದು. ‘ಇಂಗ್ಲೆಂಡ್’ ಎಂಬ ಪದವೂ ಸೇರಿದ್ದರೆ ಅದು 1891ರ ಆಸುಪಾಸಿನದು ಅಥವಾ ಅದಕ್ಕಿಂತ ಈಚಿನದು, ಏಕೆಂದರೆ ಆಗ ಅಮೆರಿಕವು ಆಮದಿನ ಮೇಲೆ ಮೂಲದೇಶದ ಹೆಸರನ್ನು ಕಡ್ಡಾಯಗೊಳಿಸಿತು. ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ‘ಜಿ’ ಅಕ್ಷರದ ನಂತರ ‘ಇ’ ಇದ್ದರೆ ಅದು ಈ ಕಾರ್ಖಾನೆಯದಲ್ಲ. ಮುದ್ರೆಯೇ ಇಲ್ಲದಿದ್ದರೂ ತಕ್ಷಣ ತಳ್ಳಿಹಾಕಬೇಡಿ. ಜಾನ್ ಟರ್ನರ್, ವಿಲಿಯಂ ಆಡಮ್ಸ್ ಮೊದಲಾದ ಇತರ ಇಂಗ್ಲಿಷ್ ಕುಂಬಾರರೂ ಅದೇ ಕಾಲದಲ್ಲಿ ಉತ್ತಮ ಜಾಸ್ಪರ್ ಮಾಡಿದ್ದಾರೆ.

ತೊಳೆಯುವ ಮುನ್ನ ಹಳೆಯ ಅಂಟಿನ ದುರಸ್ತಿ ಇದೆಯೇ ಎಂದು ಪರೀಕ್ಷಿಸಿ; ಇದ್ದರೆ ನೀರು ತಾಗಿಸದೆ ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ಇಲ್ಲದಿದ್ದರೆ ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಸೌಮ್ಯ ಸೋಪು, ಮೆತ್ತನೆಯ ಕುಂಚ. ಬ್ಲೀಚ್, ಹುಣಸೆಹಣ್ಣು, ನಿಂಬೆರಸಗಳನ್ನು ಖಂಡಿತ ಬಳಸಬೇಡಿ. ಹಿಂಬದಿಯ ಚಿತ್ರವನ್ನು ಓರೆ ಬೆಳಕಿನಲ್ಲಿ ತೆಗೆದು ಇಲ್ಲಿ ಹಾಕಿದರೆ ಮುದ್ರೆಯನ್ನು ಓದಲು ಸಂತೋಷದಿಂದ ನೆರವಾಗುತ್ತೇನೆ.