ಬೆಳ್ಳಿ ಮುಖ ನೋಡಿ ಮರುಳಾಗುವ ಮುಂಚೆ

ಪ್ರಶ್ನೆ: ನನ್ನ ಹತ್ತಿರ 87 ಡೆಸಿಬೆಲ್ ಸೆನ್ಸಿಟಿವಿಟಿಯ (ಒಂದು ವ್ಯಾಟಿಗೆ ಎಷ್ಟು ಸದ್ದು ಕೊಡುತ್ತದೆ ಅನ್ನೋ ಅಳತೆ) ಚಿಕ್ಕ ಸ್ಪೀಕರ್ ಜೋಡಿ ಇದೆ. ಒಬ್ಬರು 1970ರ ದಶಕದ 40 ವ್ಯಾಟ್ ರಿಸೀವರ್ (ರೇಡಿಯೋ ಕೂಡ ಇರುವ ಆಂಪ್ಲಿಫೈಯರ್) ಮಾರುತ್ತಿದ್ದಾರೆ. ಇನ್ನೊಬ್ಬರ ಹತ್ತಿರ ಹತ್ತು ವರ್ಷ ಹಳೆಯ 80 ವ್ಯಾಟ್ ಆಂಪ್ಲಿಫೈಯರ್ ಇದೆ. ಮನಸ್ಸು ಆ ಬೆಳ್ಳಿ ಬಣ್ಣದ ರಿಸೀವರ್ ಕಡೆಗೇ ಎಳೆಯುತ್ತಿದೆ. ಯಾವುದು ತಗೊಳ್ಳಲಿ?

ಉತ್ತರ: ಮೊದಲು ವ್ಯಾಟ್ ಲೆಕ್ಕ ಬಿಡಿ. 40ಕ್ಕೂ 80ಕ್ಕೂ ಇರುವ ಅಂತರ ಬರೀ 3 ಡೆಸಿಬೆಲ್, ಕಿವಿಗೆ ಸ್ವಲ್ಪ ಜಾಸ್ತಿ ಅನಿಸುತ್ತದೆ ಅಷ್ಟೇ. 1978ರಲ್ಲಿ ಬಂದ ನ್ಯಾಡ್ 3020 ಆಂಪ್ಲಿಫೈಯರ್ ಲೆಕ್ಕಕ್ಕೆ 20 ವ್ಯಾಟಿನದು, ಅದನ್ನು ಈಗಲೂ ಹುಡುಕಿಕೊಂಡು ಹೋಗುವವರಿದ್ದಾರೆ.

ನೋಡಬೇಕಾದದ್ದು ಆ ಪೆಟ್ಟಿಗೆಯ ಆರೋಗ್ಯ. ನಾನೂ ಒಮ್ಮೆ ಹೊಳೆಯುವ ಡಯಲ್ ನೋಡಿ ಸೋತು, ಏನೂ ಪರೀಕ್ಷೆ ಮಾಡದೆ ಹೊತ್ತು ತಂದೆ, ವಾರದೊಳಗೆ ಎಡಗಡೆ ಚಾನೆಲ್ ಮೌನ ವ್ರತ ಹಿಡಿಯಿತು. ಐವತ್ತು ವರ್ಷದಲ್ಲಿ ಚಾರ್ಜ್ ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳು ಒಣಗುತ್ತವೆ, ಪವರ್ ಸಪ್ಲೈನವು ಸೋತರೆ ಸ್ಪೀಕರಿನಲ್ಲಿ ಗುಂಯ್ ಅನ್ನೋ ಸದ್ದು ಶುರು. 'ಎಲ್ಲಾ ಹೊಸದು ಹಾಕಿಸಿದ್ದೇನೆ' ಅಂದರೆ ಬಿಲ್ ಅಥವಾ ಫೋಟೋ ಕೇಳಿ.

ಹೋಗುವಾಗ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಟ್ಟುಕೊಳ್ಳಿ. ನಿಮ್ಮ ಒಳ್ಳೇ ಸ್ಪೀಕರ್ ಮೊದಲೇ ಜೋಡಿಸಬೇಡಿ, ಡಿಸಿ (ಸ್ಪೀಕರಿಗೆ ಬರಬಾರದ, ಒಂದೇ ದಿಕ್ಕಿನ ಕರೆಂಟ್) ಸೋರುತ್ತಿದ್ದರೆ ವೂಫರ್, ಅಂದರೆ ತಗ್ಗು ಸದ್ದಿನ ದೊಡ್ಡ ಕೋನ್, ಸುಟ್ಟುಹೋಗುತ್ತದೆ. ವಾಲ್ಯೂಮ್ ಸೊನ್ನೆಯಲ್ಲಿಟ್ಟು ಸ್ಪೀಕರ್ ಟರ್ಮಿನಲ್ ಮೇಲೆ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ, 100 ದಾಟಿದರೆ ರಿಪೇರಿ ಬಲ್ಲವರು ನೋಡುವ ತನಕ ದುಡ್ಡು ಕೊಡಬೇಡಿ. ಆಮೇಲೆ ಯಾವುದಾದರೂ ಹಳೇ ಸ್ಪೀಕರ್ ಹಾಕಿ ಅರ್ಧ ಗಂಟೆ ಹಾಡಿಸಿ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಅದು ಸಾಮಾನ್ಯವಾಗಿ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ. ಬೆಲೆ ಇಳಿಸೋಕೆ ಒಳ್ಳೇ ನೆಪ! ಒಂದು ಕಡೆ ಸದ್ದು ಕಮ್ಮಿ ಇದ್ದರೆ ಇನ್‌ಪುಟ್ ವೈರ್ ಎಡ ಬಲ ಅದಲು ಬದಲು ಮಾಡಿ. ದೋಷವೂ ಇನ್ನೊಂದು ಕಡೆಗೆ ಹೋದರೆ ಆಂಪ್ಲಿಫೈಯರಿನ ತಪ್ಪಲ್ಲ.

ಹಿಂಬದಿಯ ವೋಲ್ಟೇಜ್ ಓದೋದು ಮರೀಬೇಡಿ. ಜಪಾನಿನೊಳಗೆ ಮಾರಲು ಮಾಡಿದ ಸೆಟ್ 100 ವೋಲ್ಟಿನದು, ಅದನ್ನು ನೇರ 230ಕ್ಕೆ ಸಿಕ್ಕಿಸಿದರೆ ಹೊಗೆನೇ. ಇನ್ನೊಂದು ವಿಷಯ, ಕೆಲವು ಸೆಟ್‌ಗಳಲ್ಲಿ ಬಿಡಿ ಟ್ರಾನ್ಸಿಸ್ಟರ್ ಬದಲು ಎಸ್‌ಟಿಕೆ ಅನ್ನೋ ದಪ್ಪ ಐಸಿ (ಹಲವು ಭಾಗಗಳು ಒಂದೇ ತುಂಡಿನಲ್ಲಿರುವ ಚಿಪ್) ಇರುತ್ತದೆ. ಅದು ಸುಟ್ಟರೆ ಅಸಲಿ ಸಿಗೋದು ಕಷ್ಟ, ನಕಲಿ ಬೇಕಾದಷ್ಟು.

ನಂಬಿಕೆಯ ರಿಪೇರಿಯವರು ಇಲ್ಲದಿದ್ದರೆ ಹತ್ತು ವರ್ಷದ್ದನ್ನೇ ತಗೊಳ್ಳಿ. ಇದ್ದರೆ, ಡಿಸಿ ಸರಿ ಇದ್ದರೆ, ಸರ್ವಿಸ್ ಖರ್ಚನ್ನೂ ಬೆಲೆಗೆ ಸೇರಿಸಿ ನೋಡಿ, ಆಗಲೂ ಕೈಗೆಟುಕಿದರೆ ಹಳೆಯದು ತನ್ನಿ. ರೆಕಾರ್ಡ್ ಪ್ಲೇಯರ್ ಇದ್ದರಂತೂ ಲಾಭ, ಆ ಕಾಲದ ರಿಸೀವರ್‌ಗಳಲ್ಲಿ ಫೋನೋ ಇನ್‌ಪುಟ್ (ರೆಕಾರ್ಡ್ ಪ್ಲೇಯರ್ ನೇರ ಜೋಡಿಸುವ ಜಾಗ) ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮುಚ್ಚಳ ಮಾತ್ರ ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು.